ಮನೆಯಲ್ಲಿ ಹಾಡಿನ ಅಭ್ಯಾಸ: ಮೊದಲು ಕಿವಿಗೊಂದು ಜಾಗ ಮಾಡಿ

ಕೋಲಾರದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ ನನ್ನ ಹತ್ತಿರ ತಂದೆ ತಾಯಿಯರು ತರುವ ದೂರು ಹೆಚ್ಚುಕಮ್ಮಿ ಒಂದೇ. "ಮೇಡಂ, ನಿಮ್ಮ ಮುಂದೆ ಸರಿಯಾಗೇ ಹಾಡ್ತಾಳೆ. ಮನೇಲಿ ಕೂತ್ಕೊಂಡ್ರೆ ಹತ್ತು ನಿಮಿಷಕ್ಕೇ ಗಂಟಲು ಕಟ್ಟುತ್ತೆ, ಶ್ರುತಿ ಹೋಗುತ್ತೆ, ಸಿಟ್ಟು ಮಾಡ್ಕೊಂಡು ಎದ್ದುಬಿಡ್ತಾಳೆ." ಇದರ ಬೆನ್ನಿಗೇ ಯಾವ ಕಷಾಯ ಕೊಡಲಿ, ಐಸ್‌ಕ್ರೀಂ ನಿಲ್ಲಿಸಲಾ ಎನ್ನುವ ಪ್ರಶ್ನೆ. ಎಲ್ಲರ ಕಣ್ಣೂ ಗಂಟಲಿನ ಮೇಲೆ. ನಾನು ಕಂಡಮಟ್ಟಿಗೆ ತೊಂದರೆ ಶುರುವಾಗುವುದು ಕಿವಿಯಿಂದ. ತನ್ನ ದನಿ ತನಗೇ ಸ್ಪಷ್ಟವಾಗಿ ಕೇಳದ ಜಾಗದಲ್ಲಿ ಕೂರಿಸಿದರೆ ಯಾವ ಮಗುವಾದರೂ ಒಂದೋ ಕಿರುಚುತ್ತದೆ, ಇಲ್ಲವೇ ಅಳುಕಿ ಪಿಸುದನಿಯಲ್ಲಿ ಹಾಡುತ್ತದೆ. ಗಂಟಲು ಕಟ್ಟುವುದು ಆಮೇಲಿನ ಮಾತು.

ಗಂಟಲಮಣಿಯ ಹಿಂದೆ, ಶ್ವಾಸನಾಳದ ಮೇಲ್ತುದಿಯಲ್ಲಿ ಎರಡು ಪುಟ್ಟ ಮಡಿಕೆಗಳಿವೆ. ಇವೇ ಧ್ವನಿತಂತುಗಳು. ದೊಡ್ಡ ಗಂಡಸರಲ್ಲಿ ಇವುಗಳ ಉದ್ದ ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸರಲ್ಲಿ 12ರಿಂದ 17, ಮಕ್ಕಳಲ್ಲಿ ಇನ್ನೂ ಕಡಿಮೆ. ಕೆಳಗಿನಿಂದ ಉಸಿರು ಒತ್ತಿದಾಗ ಇವು ತೆರೆದುಕೊಂಡು ಮುಚ್ಚಿಕೊಂಡು ಕಂಪಿಸುತ್ತವೆ, ಅದೇ ದನಿಯ ಮೂಲ. ಐದು ಮನೆ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಐದನೆಯ ಬಿಳಿ ಮನೆಯನ್ನು 'ಸ' ಮಾಡಿಕೊಂಡು ಹಾಡುವ ಹುಡುಗಿ ಮಧ್ಯ ಷಡ್ಜ (ನಡುವಿನ 'ಸ') ಹಿಡಿದರೆ ಸೆಕೆಂಡಿಗೆ ಸುಮಾರು 196 ಸಲ ಈ ತಂತುಗಳು ಒಂದಕ್ಕೊಂದು ಬಡಿಯುತ್ತವೆ. ತಾರ ಷಡ್ಜಕ್ಕೆ (ಮೇಲಿನ 'ಸ') ಹೋದರೆ 392 ಸಲ. ಕಾಲು ಗಂಟೆ ಹಾಡಿದರೆ ಬಡಿತದ ಲೆಕ್ಕ ಲಕ್ಷ ದಾಟುತ್ತದೆ. ಹದವಾಗಿ ಹಾಡಿದಾಗ ಪ್ರತಿ ಬಡಿತವೂ ಮೆತ್ತಗಿರುತ್ತದೆ, ಒತ್ತಿ ಹಾಡಿದಾಗ ಪ್ರತಿಯೊಂದೂ ಪೆಟ್ಟಾಗುತ್ತದೆ. ಲಕ್ಷ ಪೆಟ್ಟು ತಿಂದ ಮಡಿಕೆ ಊದಿಕೊಳ್ಳದೆ ಇನ್ನೇನಾದೀತು?

ಹಾಗಾದರೆ ಮಗು ಒತ್ತಿ ಹಾಡುವುದೇಕೆ? 1911ರಲ್ಲಿ ಫ್ರಾನ್ಸಿನ ಕಿವಿ-ಮೂಗು-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ ಇದಕ್ಕೆ ಉತ್ತರವಾಗುವ ಸಂಗತಿಯೊಂದನ್ನು ಪ್ರಕಟಿಸಿದರು. ಮಾತಾಡುತ್ತಿರುವವರ ಕಿವಿಗೆ ಗದ್ದಲ ಕೇಳಿಸಿದರೆ ಅವರಿಗೇ ಅರಿವಿಲ್ಲದೆ ದನಿ ಏರುತ್ತದೆ, ಗದ್ದಲ ನಿಂತ ಕೂಡಲೇ ತಾನಾಗಿ ಇಳಿಯುತ್ತದೆ. ಇದನ್ನು ಇಂದಿಗೂ ಲೊಂಬಾರ್ಡ್ ಪರಿಣಾಮ ಎಂದೇ ಕರೆಯುತ್ತಾರೆ. ಇದು ಮನಸ್ಸಿನ ತೀರ್ಮಾನವಲ್ಲ, ಮೈಯ ಸ್ವಭಾವ. ಆದ್ದರಿಂದ ಮಿಕ್ಸಿ ಓಡುತ್ತಿರುವ ಮನೆಯಲ್ಲಿ ಮಗುವಿಗೆ "ಕಿರುಚಬೇಡ, ಮೆಲ್ಲಗೆ ಹಾಡು" ಅಂದರೆ ಪ್ರಯೋಜನವಿಲ್ಲ. ಮಿಕ್ಸಿ ನಿಲ್ಲಿಸಬೇಕು.

ನಮ್ಮ ಊರುಗಳಲ್ಲಿ ಸದ್ದಿಗೇನು ಬರವೇ? ಸೀಸನ್ನಿನಲ್ಲಿ ಬೆಳಕು ಹರಿಯುವ ಮೊದಲೇ ಟೊಮೆಟೊ ಗಾಡಿಗಳು ಕೋಲಾರದ ಎಪಿಎಂಸಿ ಕಡೆ ಓಡುತ್ತಿರುತ್ತವೆ. ಆಮೇಲೆ ಸಂಪಿನಿಂದ ಟ್ಯಾಂಕಿಗೆ ನೀರೇರಿಸುವ ಮೋಟರು, ಕುಕ್ಕರ್ ಸೀಟಿ, ಪಕ್ಕದ ಮನೆ ಟಿವಿ. ಇವೆಲ್ಲ ಬಂದು ಹೋಗುವ ಸದ್ದುಗಳು, ಹೇಗೋ ಹೊಂದಿಸಿಕೊಳ್ಳಬಹುದು. ನನಗೆ ಹೆಚ್ಚು ಭಯ ಬಿಡದೆ ಗುಂಯ್‌ಗುಡುವ ಸದ್ದುಗಳದ್ದು: ಸೀಲಿಂಗ್ ಫ್ಯಾನು, ಹಳೇ ಫ್ರಿಜ್ಜು, ಕೂಲರು. ಐದು ನಿಮಿಷದಲ್ಲಿ ಮನಸ್ಸು ಅವನ್ನು ಮರೆತುಬಿಡುತ್ತದೆ, ಗಂಟಲು ಮಾತ್ರ ಮರೆಯುವುದಿಲ್ಲ. ಇಡೀ ಅಭ್ಯಾಸದುದ್ದಕ್ಕೂ ಆ ಸದ್ದಿನ ಮೇಲೇರಲು ದುಡಿಯುತ್ತಲೇ ಇರುತ್ತದೆ.

ನಂಬಿಕೆ ಬಾರದಿದ್ದರೆ ಮಾಡಿ ನೋಡಿ. ಫೋನನ್ನು ಒಂದು ಸ್ಟೂಲಿನ ಮೇಲಿಟ್ಟು ರೆಕಾರ್ಡಿಂಗ್ ಹಾಕಿ, ಫ್ಯಾನ್ ಜೋರಾಗಿ ತಿರುಗುವಾಗ ಒಂದು ಅಲಂಕಾರ (ಆರಂಭದ ಸ್ವರ ಪಾಠ) ಹಾಡಿ. ಫ್ಯಾನ್ ಆರಿಸಿ, ಅದೇ ಜಾಗದಲ್ಲಿ ಕೂತು, ಅದನ್ನೇ ಮತ್ತೆ ಹಾಡಿ. ಎರಡನೆಯದರಲ್ಲಿ ಸ್ವರಗಳ ಅಂಚು ಮೃದುವಾಗಿರುತ್ತದೆ, ಉಸಿರು ಇನ್ನಷ್ಟು ದೂರ ಬರುತ್ತದೆ. ಸೆಖೆಯ ದಿನಗಳಲ್ಲಿ ಫ್ಯಾನ್ ಇಲ್ಲದೆ ಕೂರುವುದು ಕಷ್ಟ, ನಿಜ. ಕೋಣೆಯನ್ನು ಮೊದಲು ಹತ್ತು ನಿಮಿಷ ತಂಪು ಮಾಡಿಕೊಂಡು, ಹಾಡುವ ಹದಿನೈದು ನಿಮಿಷ ಫ್ಯಾನ್ ಆರಿಸಿದರೆ ಸಾಕು.

ಸದ್ದು ಕಡಿಮೆಯಾದ ಮೇಲೆ ಕೋಣೆಯ ವಿಚಾರ. ಇದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೋಣೆಯ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ಗಟ್ಟಿಯಾಗಿ ತಟ್ಟಿ. ಚಪ್ಪಾಳೆಯ ಹಿಂದೆಯೇ ಟ್ರಿಣ್ಣ್ ಎಂದು ಲೋಹ ನಡುಗಿದಂಥ ಸದ್ದು ಬಂದರೆ, ಎದುರುಬದುರು ಗೋಡೆಗಳ ನಡುವೆ ನಾದ ಚೆಂಡಾಡುತ್ತಿದೆ ಎಂದರ್ಥ. ಈಗ ಕಟ್ಟುವ ಮನೆಗಳಲ್ಲಿ ಇದು ಮಾಮೂಲು. ನೆಲಕ್ಕೆ ಟೈಲ್ಸು ಇಲ್ಲವೇ ಗ್ರಾನೈಟು, ಮೇಲೆ ಮೋಲ್ಡಿಂಗು, ನುಣ್ಣನೆ ಪುಟ್ಟಿ ಹೊಡೆದ ಗೋಡೆ. ನಾದ ಹೀರಿಕೊಳ್ಳುವಂಥದ್ದು ಏನೂ ಇರುವುದಿಲ್ಲ.

ಮೆತ್ತನೆಯ ವಸ್ತು ನಾದವನ್ನು ಎಷ್ಟು ಹೀರುತ್ತದೆ ಎಂಬುದನ್ನು ಮೊದಲು ಲೆಕ್ಕ ಹಿಡಿದು ತೋರಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೆಬೈನ್. 1895ರಲ್ಲಿ ಅಲ್ಲಿನ ಒಂದು ಉಪನ್ಯಾಸ ಸಭಾಂಗಣದಲ್ಲಿ ಏನು ಮಾತಾಡಿದರೂ ಕಲಸುಮೇಲೋಗರ. ಒಮ್ಮೆ ಎದ್ದ ನಾದ ಅಡಗಲು 5 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಸೆಬೈನ್ ಪಕ್ಕದ ರಂಗಮಂದಿರದಿಂದ ಆಸನದ ದಿಂಬುಗಳನ್ನು ರಾತ್ರಿ ಹೊರಿಸಿ ತಂದು, ಸಾಲುಸಾಲಾಗಿ ಹರಡುತ್ತ, ನಾದ ಅಡಗುವ ಹೊತ್ತನ್ನು ಅಳೆಯುತ್ತ ಹೋದರು. ಬೆಳಗಾಗುವಷ್ಟರಲ್ಲಿ ದಿಂಬುಗಳು ವಾಪಸು ಹೋಗಬೇಕಿತ್ತು. ದಿಂಬು ಹೆಚ್ಚಿದಷ್ಟೂ ಪ್ರತಿಧ್ವನಿ ಇಳಿಯಿತು. ಇಂದಿನ ಸಭಾಂಗಣ, ಸ್ಟುಡಿಯೋಗಳ ನಾದವಿಜ್ಞಾನ ಬೆಳೆದದ್ದು ಆ ಅಳತೆಗಳಿಂದ.

ಪ್ರತಿಧ್ವನಿ ಇದ್ದರೆ ದನಿ ತುಂಬಿ ಬರುತ್ತದಲ್ಲ, ಒಳ್ಳೆಯದೇ ಅಲ್ಲವೇ ಎಂದು ಕೇಳಬಹುದು. ಕಛೇರಿಗೆ ಸ್ವಲ್ಪ ಇದ್ದರೆ ಒಳ್ಳೆಯದೇ. ಅಭ್ಯಾಸಕ್ಕೆ ಅದು ಶತ್ರು. ಕಾರಣ ನಾವು ಮೊದಲು ಕಲಿಯುವ ಪಾಠದಲ್ಲೇ ಇದೆ. ನಮ್ಮ ಮುಳಬಾಗಿಲಿನ ಶ್ರೀಪಾದರಾಜರು, ಅವರ ಶಿಷ್ಯ ವ್ಯಾಸರಾಯರು, ವ್ಯಾಸರಾಯರ ಶಿಷ್ಯ ಪುರಂದರದಾಸರು. ಸರಳೆ, ಜಂಟಿ, ಅಲಂಕಾರಗಳನ್ನು ಮಾಯಾಮಾಳವಗೌಳದಲ್ಲಿ ಕ್ರಮಪಡಿಸಿದವರು ಪುರಂದರದಾಸರು ಎನ್ನುತ್ತದೆ ಪರಂಪರೆ. ಈ ರಾಗದಲ್ಲಿ ಷಡ್ಜದ ತೀರಾ ಪಕ್ಕದಲ್ಲೇ ಶುದ್ಧ ರಿಷಭ ಕೂತಿದೆ. ಐದು ಮನೆ ಶ್ರುತಿಯಲ್ಲಿ ಷಡ್ಜ ಸೆಕೆಂಡಿಗೆ 196 ಕಂಪನವಾದರೆ ರಿಷಭ ಸುಮಾರು 209. ಪಂಚಮದ ಪಕ್ಕ ಶುದ್ಧ ಧೈವತಕ್ಕೂ ಇಂಥದ್ದೇ ಸಣ್ಣ ಅಂತರ. ಗೋಡೆಯಿಂದ ಹಿಂದಿರುಗಿದ ಷಡ್ಜ ಇನ್ನೂ ಕಿವಿಯಲ್ಲಿ ಮೊಳಗುತ್ತಿರುವಾಗಲೇ ಮಗು ರಿಷಭ ಹಿಡಿಯಬೇಕು. ಎರಡೂ ಒಂದರ ಮೇಲೊಂದು ಬಿದ್ದು, ರಿಷಭ ಸರಿಯಾಗಿ ಕೂತಿತೋ ಜಾರಿತೋ ತಿಳಿಯುವುದೇ ಇಲ್ಲ. ಒಂದೊಂದು ಸ್ವರವನ್ನೂ ಎರಡೆರಡು ಸಲ ಹಾಡುವ ಜಂಟಿಯನ್ನು ಮೂರನೆಯ ಕಾಲದಲ್ಲಿ, ಅಂದರೆ ತೀರಾ ವೇಗವಾಗಿ ಹಾಡಿದರಂತೂ ಎರಡು 'ರಿ'ಗಳ ನಡುವಿನ ಒತ್ತು ಪೂರ್ತಿ ಅಳಿಸಿಹೋಗುತ್ತದೆ.

ಕೋಲಾರದ ಹೊಸ ಬಡಾವಣೆಯೊಂದರಿಂದ ಪಾಠಕ್ಕೆ ಬರುವ ಒಂಬತ್ತನೇ ಕ್ಲಾಸಿನ ಹುಡುಗಿಯದ್ದು ಇದೇ ಪಾಡಾಗಿತ್ತು. ಒಂದು ಸಂಜೆ ಅವರ ಮನೆಗೇ ಹೋದೆ. ದೊಡ್ಡ ಹಾಲು, ಹೊಳೆಯುವ ಟೈಲ್ಸು, ಒಂದು ಸೋಫಾ, ಒಂದು ಟಿವಿ. ಚಪ್ಪಾಳೆ ತಟ್ಟಿದರೆ ಬಟ್ಟಲಿಗೆ ಚಮಚ ಬಡಿದಂತೆ ಕೇಳಿತು. ಅವಳ ಅಮ್ಮನ ಒಪ್ಪಿಗೆ ಪಡೆದು ಮಲಗುವ ಕೋಣೆಗೆ ಹೋದೆವು. ಗೋಡೆಗೆ ಒರಗಿಸಿದ್ದ ಹತ್ತಿಯ ಹಾಸಿಗೆ, ಮಂಚದ ಮೇಲೆ ಮಡಚಿಟ್ಟ ಕಂಬಳಿ, ರಗ್ಗುಗಳು. ಬಟ್ಟೆ ಬೀರುವಿನ ಎರಡೂ ಬಾಗಿಲು ತೆರೆದು, ನೇತುಹಾಕಿದ ಸೀರೆಗಳಿಗೆ ಎದುರಾಗಿ ಎರಡು ಅಡಿ ದೂರದಲ್ಲಿ ಚಾಪೆ ಹಾಸಿ ಕೂರಿಸಿದೆ. ಮೊದಲ ಸಾಲು ಹಾಡಿ ನಿಲ್ಲಿಸಿದಳು. "ಮಿಸ್, ನನ್ನ ದನಿ ಇಷ್ಟು ಸಣ್ಣಕ್ಕಿದೆಯಾ?" ಎಂದಳು. ಅದು ಅವಳ ನಿಜವಾದ ದನಿ, ಹಾಲು ದೊಡ್ಡದು ಮಾಡಿ ತೋರಿಸದ ದನಿ. ಅದೇ ಕೂತಲ್ಲಿ ರಿಷಭ ತುಸು ಮೇಲೆ ಹೋಗುತ್ತಿರುವುದು ಅವಳಿಗೇ ಕೇಳಿಸಿತು. ನಾನು ಬಾಯಿ ಬಿಡುವ ಮೊದಲೇ ಇಳಿಸಿಕೊಂಡಳು. ಪಾಠದಲ್ಲಿ ನಾನು ತಿದ್ದಿದ್ದು ನಿಲ್ಲದೆ ಜಾರುತ್ತಿತ್ತು, ತಾನೇ ಕೇಳಿ ತಿದ್ದಿಕೊಂಡದ್ದು ನಿಂತಿತು.

ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸ್ಟುಡಿಯೋ ಆಗುತ್ತದೆ ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ಆ ತೆಳು ರಟ್ಟು ಹೀರುವುದು ಅತ್ಯಲ್ಪ. ಒಂದು ದಪ್ಪ ಕಂಬಳಿ ಅದಕ್ಕಿಂತ ಎಷ್ಟೋ ಮೇಲು. ಇನ್ನೊಂದು ವಿಷಯ: ಕಂಬಳಿ, ಹಾಸಿಗೆ ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತವೆ, ಅಷ್ಟೆ. ಸದ್ದು ಪಕ್ಕದ ಮನೆಗೆ ಹೋಗದಂತೆ ಅವು ತಡೆಯಲಾರವು. ಅದಕ್ಕೆ ಭಾರವಾದ ಬಾಗಿಲು ಬೇಕು, ಬಾಗಿಲ ಕೆಳಗಿನ ಸಂದು ಮುಚ್ಚಬೇಕು. ಆ ಸಂದಿಗೆ ಹಳೇ ಸೀರೆ ಸುತ್ತಿ ತುರುಕಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಬಚ್ಚಲುಮನೆಯಲ್ಲಿ ಎಲ್ಲರೂ ಚೆನ್ನಾಗಿ ಹಾಡುವುದೂ ಈ ಕಾರಣಕ್ಕೇ. ಐದಡಿ ಅಗಲದ ಕೋಣೆಯಲ್ಲಿ ಕೆಲವು ಸ್ವರಗಳು ಗೋಡೆಗಳ ನಡುವಿನ ಅಂತರಕ್ಕೆ ಹೊಂದಿ ಗುಂಯ್ಯೆಂದು ಮೊಳಗುತ್ತವೆ, ಉಳಿದವು ಸಪ್ಪಗಿರುತ್ತವೆ. ಅಳುಕಿನಿಂದ ದನಿಯೇ ಬಿಡದ ಮಗುವಿಗೆ ಬಚ್ಚಲುಮನೆ ಬಹಳ ಒಳ್ಳೆಯ ಜಾಗ, ಧೈರ್ಯ ಬರುತ್ತದೆ. ಶ್ರುತಿ ತಿದ್ದಿಕೊಳ್ಳಲು ಮಾತ್ರ ಅದು ಆಗಿಬರುವುದಿಲ್ಲ.

ಈಗ ತಂಬೂರಿ. ಹೆಚ್ಚಿನ ಮನೆಗಳಲ್ಲಿ ಈಗ ತಂಬೂರಿಯೆಂದರೆ ಫೋನಿನ ಆ್ಯಪು. ಆ್ಯಪಿನ ನಾದ ಚೆನ್ನಾಗಿಯೇ ಇರುತ್ತದೆ, ಫೋನಿನ ಸ್ಪೀಕರ್ ಸಾಲುವುದಿಲ್ಲ. ಬೆರಳುಗುರಿನಷ್ಟು ಸ್ಪೀಕರಿನಿಂದ ಕೆಳಗಿನ ನಾದ ಹೊರಡುವುದೇ ಕಷ್ಟ. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸಿನ ಷಡ್ಜ ಸುಮಾರು 131 ಕಂಪನ. ಫೋನಿನಲ್ಲಿ ಅದರ ಮೇಲಿನ ಉಪಸ್ವರಗಳಷ್ಟೇ ತೆಳ್ಳಗೆ ಕೇಳುತ್ತವೆ, ಒರಗಿಕೊಳ್ಳಲು ಬುಡವಿರುವುದಿಲ್ಲ. ಸಾಧಾರಣ ಬ್ಲೂಟೂತ್ ಸ್ಪೀಕರಿಗೆ ಜೋಡಿಸಿದರೂ ಸಾಕು. ಅದನ್ನು ಮುಖದೆದುರು ಇಡಬೇಡಿ, ಪಕ್ಕದಲ್ಲೋ ಹಿಂದೆಯೋ ಇಡಿ. ಹದವಾಗಿ ಹಾಡಿದಾಗ ನಿಮ್ಮ ದನಿ ತಂಬೂರಿಯ ಮೇಲೆ ನಿಲ್ಲುವಷ್ಟೇ ಸದ್ದಿರಲಿ. ತಂಬೂರಿಯೂ ಜೋರಾದರೆ ಲೊಂಬಾರ್ ಹೇಳಿದ ಗದ್ದಲವೇ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ಹಾಡುವುದು ಇನ್ನೂ ಕೆಟ್ಟದ್ದು, ತನ್ನ ದನಿಯೇ ಮುಚ್ಚಿಹೋಗುತ್ತದೆ.

ಆನ್‌ಲೈನ್ ಪಾಠದವರಿಗೆ ಒಂದು ಮಾತು. ವಿಡಿಯೋ ಕರೆಯಲ್ಲಿ ಬಿಡದೆ ಬರುವ ಒಂದೇ ಸಮನಾದ ನಾದವನ್ನು ತಂತ್ರಾಂಶ ಗಲಾಟೆ ಎಂದು ತಿಳಿದು ಅಳಿಸಿಹಾಕುತ್ತದೆ. ಅದಕ್ಕೇ ಗುರುಗಳ ತಂಬೂರಿ ಆಗಾಗ ಮಾಯವಾಗುವುದು. ಇಬ್ಬರೂ ತಮ್ಮ ತಮ್ಮ ಕಡೆ ಒಂದೇ ಶ್ರುತಿಯ ತಂಬೂರಿ ಹಾಕಿಕೊಳ್ಳಬೇಕು. ದನಿ ತಲುಪುವುದು ತಡವಾಗುವುದರಿಂದ ಒಟ್ಟಿಗೆ ಹಾಡುವ ಪ್ರಯತ್ನವನ್ನೇ ಬಿಟ್ಟು, ಗುರು ಹಾಡಿದ ಮೇಲೆ ಶಿಷ್ಯ ಹಾಡುವ ಕ್ರಮ ಇಟ್ಟುಕೊಳ್ಳಬೇಕು.

ಕಿವಿಯ ಏರ್ಪಾಡು ಆಯಿತು. ಇನ್ನು ಗಾಳಿ. ಧ್ವನಿತಂತುಗಳ ಮೇಲೆ ತೆಳುವಾದ ತೇವದ ಪದರವಿದೆ. ಅದು ಒಣಗಿದರೆ ತಂತುಗಳನ್ನು ಕಂಪಿಸಲು ಹೆಚ್ಚು ಉಸಿರೊತ್ತಡ ಬೇಕಾಗುತ್ತದೆ. ನಮ್ಮ ಬಯಲುಸೀಮೆಯಲ್ಲಿ ಫೆಬ್ರವರಿ ಕಳೆದ ಮೇಲೆ ಮೊದಲ ಮಳೆ ಬೀಳುವವರೆಗೂ ಗಾಳಿ ಒಣ ಒಣ. ಕ್ರಷರ್ ಇರುವ ಕಡೆ, ರಸ್ತೆ ಅಗೆದಿರುವ ಕಡೆ ಧೂಳೂ ಸೇರುತ್ತದೆ. ಹಾಡುವ ಕೋಣೆಯಲ್ಲಿ ಒದ್ದೆ ಟವೆಲ್ ನೇತುಹಾಕುವುದು ಸುಲಭದ ಉಪಾಯ. ಕಸ ಗುಡಿಸಿದ ಕೂಡಲೇ ಹಾಡಲು ಕೂರಬೇಡಿ, ಧೂಳು ಇಳಿಯಲು ಬಿಡಿ. ಮೆಣಸಿನಕಾಯಿ ಒಗ್ಗರಣೆಯ ಘಾಟು ಇರುವ ಹೊತ್ತನ್ನೂ ತಪ್ಪಿಸಿ. ದೇವರ ಮುಂದೆ ಕೂತು ಹಾಡುವ ಪದ್ಧತಿ ನನಗೆ ತುಂಬಾ ಇಷ್ಟ. ದೀಪ ಹಚ್ಚಿಕೊಳ್ಳಿ, ಊದುಬತ್ತಿ, ಸಾಂಬ್ರಾಣಿ ಮಾತ್ರ ಹಾಡು ಮುಗಿದ ಮೇಲಿರಲಿ. ಉಸಿರು ಎಳೆದುಕೊಳ್ಳುವುದು ಹಾಡುವವರೇ ಆದ್ದರಿಂದ ಹೊಗೆಯ ದೊಡ್ಡ ಪಾಲು ಅವರಿಗೇ. ಸೊಳ್ಳೆ ಬತ್ತಿಯಂತೂ ಬೇಡವೇ ಬೇಡ.

ನೀರು, ಕಷಾಯದ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕುಡಿದದ್ದು ಧ್ವನಿತಂತುಗಳನ್ನು ತೊಳೆಯುತ್ತದೆ ಎಂದುಕೊಳ್ಳುತ್ತಾರೆ. ನುಂಗುವಾಗ ಶ್ವಾಸದ ದಾರಿ ಮುಚ್ಚಿಕೊಳ್ಳುತ್ತದೆ, ಒಂದು ಹನಿ ಆ ಕಡೆ ಜಾರಿದರೂ ನೆತ್ತಿಗೆ ಹತ್ತಿ ಕೆಮ್ಮು ಬರುತ್ತದೆ. ನೀರು ಹೊಟ್ಟೆ ಸೇರಿ, ರಕ್ತದ ಮೂಲಕ ಆ ಪದರಕ್ಕೆ ತೇವ ಕೊಡಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಹಾಡಲು ಕೂತಾಗ ಗಟಗಟನೆ ಕುಡಿಯುವುದಕ್ಕಿಂತ ದಿನವಿಡೀ ಸ್ವಲ್ಪಸ್ವಲ್ಪ ಕುಡಿಯುವುದು ಮುಖ್ಯ. ಶಾಲೆಯಲ್ಲಿ ಬಾಟಲಿ ನೀರು ಹಾಗೇ ವಾಪಸು ತರುವ ಮಕ್ಕಳ ದನಿ ಸಂಜೆ ಒಣಗಿರುವುದನ್ನು ನಾನು ಕೇಳಿಯೇ ಗುರುತಿಸಬಲ್ಲೆ. ಜೇಷ್ಠಮಧು, ಕಲ್ಲುಸಕ್ಕರೆ, ಜೇನು ಹಾಕಿದ ಬಿಸಿನೀರು ಗಂಟಲಿಗೆ ಹಿತ, ಜೊಲ್ಲು ಊರಿಸುತ್ತವೆ, ಗಂಟಲು ಕೆರೆತ ತಗ್ಗಿಸುತ್ತವೆ. ಅಷ್ಟು ಮಾಡಿದರೂ ಲಾಭವೇ. ಏಕೆಂದರೆ ಮತ್ತೆ ಮತ್ತೆ ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ ಧ್ವನಿತಂತುಗಳಿಗೆ ಬಹಳ ಪೆಟ್ಟು ಕೊಡುತ್ತದೆ. ಕ್ಯಾಕರಿಸುವ ಬದಲು ಒಂದು ಗುಟುಕು ನೀರು ನುಂಗಲು ಹೇಳಿ.

ಕೂರುವ ಬಗೆಗೆ ಎರಡೇ ಮಾತು. ನೆಲದ ಮೇಲೆ ಕೂತಾಗ ಸೊಂಟ ಹಿಂದಕ್ಕೆ ಕುಸಿದರೆ ಹೊಟ್ಟೆ ಮಡಚಿ ಉಸಿರು ಮೊಟಕಾಗುತ್ತದೆ. ಮಡಚಿದ ಕಂಬಳಿಯ ಅಂಚಿನ ಮೇಲೆ ಕೂತರೆ ಬೆನ್ನು ತಾನೇ ನೇರವಾಗುತ್ತದೆ. ಪುಸ್ತಕವಾಗಲಿ ಫೋನಾಗಲಿ ತೊಡೆಯ ಮೇಲಿದ್ದರೆ ಕತ್ತು ಬಗ್ಗಿ ಗಂಟಲು ಅಮುಕಿಕೊಳ್ಳುತ್ತದೆ, ಎತ್ತರದ ವ್ಯಾಸಪೀಠದ ಮೇಲಿಡಿ. ಮುದ್ದೆ ಊಟ ಮಾಡಿದ ಮೇಲೆ ಎರಡು ಗಂಟೆ ಬಿಡಬೇಕು.

ಹೊತ್ತು ಯಾವುದು ಒಳ್ಳೆಯದು? ಬೆಳಗಿನ ಜಾವ ಎಂದು ಹಿರಿಯರು ಹೇಳುತ್ತಾರೆ. ಆ ಹೊತ್ತಿನ ದೊಡ್ಡ ಗುಣ ನಿಶ್ಶಬ್ದ ಎಂಬುದು ನನ್ನ ಅನಿಸಿಕೆ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಶುರುವಾದಾಗ ಮೈಕಿರಲಿಲ್ಲ, ಅದರ ನಟರು ಹಿಂದಿನ ಸಾಲಿಗೂ ಕೇಳುವಂತೆ ಹಾಡಬೇಕಿತ್ತು. ಆಗಿನವರಿಗೆ ಇದ್ಯಾವುದೂ ಬೇಕಿರಲಿಲ್ಲವಲ್ಲ ಎನ್ನುವವರು ಆ ಕಾಲದ ಬೆಳಗು ಎಷ್ಟು ಸದ್ದಿಲ್ಲದ್ದು ಎಂಬುದನ್ನೂ ನೆನೆಯಬೇಕು. ಈಗ ಎಸ್ಸೆಸ್ಸೆಲ್ಸಿ ಮಗುವನ್ನು ನಾಲ್ಕೂವರೆಗೆ ಎಬ್ಬಿಸಿ ನಿದ್ದೆಗೆಡಿಸಿದರೆ ದನಿಯೂ ಕೆಡುತ್ತದೆ, ಪಾಠವೂ ಕೆಡುತ್ತದೆ. ರಾತ್ರಿಯೆಲ್ಲ ಮಲಗಿದ್ದರಿಂದ ಎದ್ದ ಕೂಡಲೇ ತಂತುಗಳು ತುಸು ಊದಿಕೊಂಡು ದನಿ ದಪ್ಪಗಿರುತ್ತದೆ. ಬೆಳಗ್ಗೆ ಹಾಡುವುದಾದರೆ ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ನಿಧಾನವಾಗಿ ತೊಡಗಿ, ಅರ್ಧ ಗಂಟೆ ತಾರ ಸ್ಥಾಯಿಗೆ ಹೋಗದಿದ್ದರೆ ಸರಿ. ನಿಮ್ಮ ಮನೆ ಯಾವಾಗ ಸದ್ದಿಲ್ಲದೆ ಇರುತ್ತದೋ ಅದೇ ನಿಮ್ಮ ಹೊತ್ತು. ಗೃಹಿಣಿಯರಿಗೆ ಬಹುಶಃ ಎಲ್ಲರೂ ಹೊರಟ ಮೇಲಿನ ಹನ್ನೊಂದು ಗಂಟೆ. ಭಾನುವಾರ ಒಟ್ಟಿಗೆ ಎರಡು ಗಂಟೆ ಕೂರುವುದಕ್ಕಿಂತ ದಿನವೂ ಹದಿನೈದು ನಿಮಿಷದಂತೆ ಎರಡು ಸಲ ಕೂತರೆ ಪಾಠ ಹೆಚ್ಚು ನಿಲ್ಲುತ್ತದೆ, ತಂತುಗಳಿಗೂ ನಡುವೆ ಬಿಡುವು.

ವಠಾರದಲ್ಲಿದ್ದು ಗಟ್ಟಿಯಾಗಿ ಹಾಡಲು ಆಗದವರಿಗೆ ಒಂದು ದಾರಿ ಇದೆ. ಎಳನೀರು ಕುಡಿಯುವ ಸ್ಟ್ರಾ ತೆಗೆದುಕೊಂಡು, ತುಟಿ ಬಿಗಿಯಾಗಿ ಮುಚ್ಚಿ, ಅದರ ಮೂಲಕ ಊಂ ಎಂದು ಸ್ವರ ಹಿಡಿದು ಮೇಲೆ ಕೆಳಗೆ ಜಾರಿಸಿ. ಕಿರಿದಾದ ಕೊಳವೆಯಿಂದಾಗಿ ಉಸಿರಿನ ಒತ್ತಡ ಹಿಂದಕ್ಕೆ ತಳ್ಳಿ ತಂತುಗಳು ಒಂದಕ್ಕೊಂದು ಬಲವಾಗಿ ಬಡಿಯದಂತೆ ನೋಡಿಕೊಳ್ಳುತ್ತದೆ. ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಜ ಈ ಅಭ್ಯಾಸವನ್ನು ಜನಪ್ರಿಯಗೊಳಿಸಿದರು. ಹಾಡುವ ಮೊದಲು ದನಿ ಹದ ಮಾಡಿಕೊಳ್ಳಲೂ ಇದು ಒಳ್ಳೆಯದು, ಪಕ್ಕದ ಗೋಡೆಯವರಿಗೆ ಕೇಳುವುದೂ ಇಲ್ಲ. ಪಿಸುದನಿಯಲ್ಲಿ ಹಾಡಿಕೊಳ್ಳುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಹದಿಮೂರು ಹದಿನಾಲ್ಕರ ಹುಡುಗರ ಗಂಟಲು ಒಡೆಯುವಾಗ ಹಳೆಯ ಶ್ರುತಿಯಲ್ಲೇ ಹಾಡಿಸಬೇಡಿ. ತಿಂಗಳಿಗೊಮ್ಮೆ ನೋಡಿ ಶ್ರುತಿ ಇಳಿಸುತ್ತ ಬನ್ನಿ, ಸಿಗುವಷ್ಟು ಸ್ಥಾಯಿಯಲ್ಲೇ ಹಾಡಿಸಿ. ಶೀತ ಕೆಮ್ಮು ಹೋದ ಮೇಲೂ ಎರಡು ಮೂರು ವಾರ ದನಿ ಒಡಕಾಗಿಯೇ ಉಳಿದರೆ, ಯಾರಿಗೇ ಆಗಲಿ, ಹಾಡು ನಿಲ್ಲಿಸಿ ಇಎನ್‌ಟಿ ವೈದ್ಯರಿಗೆ ತೋರಿಸಲೇಬೇಕು.

ಕೊನೆಯದಾಗಿ ಮನೆಯವರ ಬಗ್ಗೆ ಹೇಳಲೇಬೇಕು. ನಿಶ್ಶಬ್ದ ಕೋಣೆ, ಒಳ್ಳೆಯ ತಂಬೂರಿ, ತೇವದ ಗಾಳಿ ಎಲ್ಲ ಇದ್ದರೂ ಬಾಗಿಲಾಚೆ ಯಾರೋ ಕಿವಿಗೊಟ್ಟು ಕೂತಿದ್ದಾರೆ ಎಂಬ ಭಾವನೆ ಇದ್ದರೆ ಅಭ್ಯಾಸ ಆಗದು. ಅಭ್ಯಾಸವೆಂದರೆ ತಪ್ಪಿದ ಸಾಲನ್ನೇ ಮತ್ತೆ ಮತ್ತೆ ಹಾಡುವುದು, ಅದು ಕೇಳಲು ಚೆನ್ನಾಗಿರುವುದಿಲ್ಲ. "ಅದೇನು ಒಂದೇ ಸಾಲು ಎಷ್ಟು ಸಲ" ಎಂದು ಅಡುಗೆಮನೆಯಿಂದ ಬಂದ ಮಾತು ಮಗುವಿನ ಮನಸ್ಸಿಗೆ ನಾಟುತ್ತದೆ, ಮರುದಿನದಿಂದ ಅದು ಈಗಾಗಲೇ ಬರುವ ಹಾಡುಗಳನ್ನಷ್ಟೇ ಹಾಡಿ ಮುಗಿಸುತ್ತದೆ. ನೆಂಟರು ಬಂದಾಗ ಅಭ್ಯಾಸದ ನಡುವೆ ಎಬ್ಬಿಸಿ "ಒಂದು ದೇವರನಾಮ ಹಾಡಮ್ಮ" ಎನ್ನುವುದೂ ಹಾಗೇ. ಮದುವೆಯಾಗಿ ಬಂದ ಮೇಲೆ ಹಾಡು ನಿಲ್ಲಿಸಿದ ಎಷ್ಟೋ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಅವರಲ್ಲಿ ಗಂಟಲು ಕೆಟ್ಟವರು ಯಾರೂ ಇಲ್ಲ. ನನ್ನ ಹತ್ತಿರ ಮಗುವನ್ನು ಸೇರಿಸಲು ಬಂದವರಿಗೆ ಫೀಸಿನ ಮಾತಿಗಿಂತ ಮೊದಲು ಕೇಳುವುದು ಇಷ್ಟೇ: ದಿನಕ್ಕೆ ಅರ್ಧ ಗಂಟೆ ಟಿವಿ, ಮಿಕ್ಸಿ ನಿಲ್ಲಿಸಿ, ಕೋಣೆಯ ಬಾಗಿಲು ಹಾಕಿಕೊಳ್ಳಲು ಬಿಟ್ಟು, ಹೊರಬಂದ ಮೇಲೆ ಹೇಗೆ ಹಾಡಿದೆ ಎಂದು ಕೇಳದೆ ಇರಬಲ್ಲಿರಾ?